ಎಡರೆಕ್ಕೆಯ ಟ್ಯಾಂಕು

ಮಹಡಿಯ ಹಿಂಬದಿಯ ಕೋಣೆ. ಕಿಟಕಿಗೆ ಇಳಿಬಿಟ್ಟ ಕಪ್ಪು ಪರದೆಯ ಅಂಚಿನಿಂದ ಇಳಿಹೊತ್ತಿನ ಬಿಸಿಲು ಒಂದು ಗೆರೆಯಷ್ಟೇ ಒಳಗೆ ಬಂದು ನೆಲದ ಮೇಲೆ ಒರಗಿದೆ. ಎದುರಿನ ಗೋಡೆಯಗಲಕ್ಕೂ ಒಂದು ಟಿವಿ. ಅದರ ತುಂಬ ಆಕಾಶ. ಮೇಲರ್ಧ ನೀಲಿ, ಕೆಳಗರ್ಧ ಮಣ್ಣಿನ ಬಣ್ಣ, ಎರಡರ ನಡುವೆ ಅಡಿಪಟ್ಟಿ ಇಟ್ಟು ಎಳೆದಂಥ ದಿಗಂತ. ಟಿವಿಯ ಮುಂದೆ ಬೂದು ಬಣ್ಣ ಹಚ್ಚಿದ ಪ್ಲೈವುಡ್ಡಿನ ಹಲಗೆ, ಹಲಗೆಯ ಮೇಲೆ ಸಾಲುಸಾಲು ಗುಂಡಿಗಳು, ಪುಟ್ಟ ದೀಪಗಳು. ದೀಪಗಳ ಸಾಲಿನಲ್ಲಿ ಒಂದು ಮಾತ್ರ ಬಿದ್ದ ಹಲ್ಲಿನ ಜಾಗದಂತೆ ಕಪ್ಪಗಿದೆ. ಯಾವುದೋ ಹಳೆಯ ಕಾರಿನಿಂದ ಬಿಚ್ಚಿ ತಂದ ಸೀಟಿನಲ್ಲಿ ವೃದ್ಧರೊಬ್ಬರು ಬೆನ್ನು ನೆಟ್ಟಗಿಟ್ಟು ಕುಳಿತಿದ್ದಾರೆ. ಮೊಣಕಾಲುಗಳ ನಡುವೆ ನಿಂತ, ವಿಮಾನ ನಡೆಸುವ ಸ್ಟಿಕ್ಕಿನ ಮೇಲೆ ಅವರ ಬಲಗೈ. ಒಂದು ಹೆಜ್ಜೆ ಹಿಂದೆ, ಬೆತ್ತದ ಕುರ್ಚಿಯಲ್ಲಿ, ಅವರ ಹೆಂಡತಿ. ಮೂಗಿನ ಮೇಲೆ ಕನ್ನಡಕ, ಮಡಿಲ ಮೇಲೆ ಶಾಲು, ಶಾಲಿನ ಕೆಳಗೆ ಎರಡೂ ಕೈ. ಯಾರೂ ಅಲುಗಾಡುತ್ತಿಲ್ಲ. ದಿಗಂತವೂ ಅಲುಗಾಡುತ್ತಿಲ್ಲ.

ವೃದ್ಧರ ತಲೆಯೊಳಗೆ ಹುಳ ಬಿಟ್ಟಿದ್ದು ಈ ಕೊನೆಯ ಸಂಗತಿಯೇ.

ಆ ಬೀದಿಯ ಮಕ್ಕಳ ಬಾಯಲ್ಲಿ ಅವರು ಪೈಲಟ್ ತಾತ. ಹರೆಯವನ್ನೆಲ್ಲ ಯುದ್ಧವಿಮಾನದಲ್ಲಿ ಕಳೆದವರು. ನಿವೃತ್ತರಾದ ಮೇಲೂ ಅವರ ಕತ್ತು ಮೇಲೆ ನೋಡುವ ಚಾಳಿಯನ್ನು ಬಿಟ್ಟಿರಲಿಲ್ಲ; ತರಕಾರಿ ಕೊಳ್ಳುವಾಗಲೂ ಮೋಡ ಅಳೆಯುತ್ತಿದ್ದರು. ಅದನ್ನು ನೋಡಲಾರದೆ ಅಳಿಯ ಕೂತಲ್ಲೇ ವಿಮಾನ ಹಾರಿಸುವ ಈ ಸಿಮ್ಯುಲೇಟರ್ ಕಟ್ಟಿಕೊಟ್ಟಿದ್ದ. ಅಳಿಯನದು ಲಿಫ್ಟ್ ರಿಪೇರಿಯ ಕೆಲಸ, ಎರಡು ಬೀದಿ ಆಚೆಗೆ ವರ್ಕ್‌ಶಾಪು. ಹಾಗಾಗಿ ಹಲಗೆಯ ಗುಂಡಿಗಳೆಲ್ಲ ಹಳೆಯ ಲಿಫ್ಟುಗಳವು. ಚಕ್ರ ಮಡಚುವ ಗುಂಡಿಯ ಮೇಲೆ ಇನ್ನೂ ‘ನೆಲಮಹಡಿ’ ಎಂದೇ ಇತ್ತು. “ಮೇಲೆ ಸಿಕ್ಕಿಹಾಕ್ಕೊಂಡ್ರೆ ಈ ಬೆಲ್ ಒತ್ತಿ ಮಾವ, ಬಂದು ಬಾಗಿಲು ತೆಗೀತೀನಿ” ಎಂದು ಮೊದಲ ದಿನ ಅವನು ನಕ್ಕಿದ್ದ. ಮಾವನೂ ನಕ್ಕಿದ್ದರು. ಆಗ ನಗು ಸಲೀಸಾಗಿತ್ತು.

ಆಮೇಲೆ ಕಾರಿನ ಬಾಗಿಲ ಮೇಲೆ ಗೀಚು ಬಿತ್ತು. ಗೇಟಿನ ಕಂಬ ತಾಗಿದ್ದು. ದಿನವೂ ಮೊಮ್ಮಗಳನ್ನು ಶಾಲೆಗೆ ಬಿಡುವವರು ತಾತನೇ ಆದ್ದರಿಂದ ಅಳಿಯ ಊಟದ ಹೊತ್ತಿನಲ್ಲಿ ಮೆಲ್ಲಗೆ ಮಾತು ತೆಗೆದ. ಇನ್ನು ಮುಂದೆ ಬೆಳಿಗ್ಗೆ ತಾನೇ ಅವಳನ್ನು ಬಿಟ್ಟು ಬರುತ್ತೇನೆ, ಕಾರು ತನ್ನ ಹತ್ತಿರವೇ ಇರಲಿ ಎಂದ. ಅಷ್ಟು ಸಾಕಾಯಿತು. ಕಂಬವೇ ಸೊಟ್ಟಗಿದೆ ಎಂದು ಮಾವ ವಾದಿಸಿದರು. ವಾದ ಸೋತಾಗ ತಟ್ಟೆ ಸರಿಸಿ, ಮನೆಯವರೆಲ್ಲರ ಎದುರು ಒಂದು ಕರಾರು ಮಾಡಿಕೊಂಡರು.

“ಭಾನುವಾರ ಭಾನುವಾರ ಸಿಮ್ಯುಲೇಟರಲ್ಲಿ ಕೂತು ಇಪ್ಪತ್ತು ಸಾವಿರ ಅಡಿಯಲ್ಲಿ ಹಾರಿಸ್ತೀನಿ. ಆಟೋಪೈಲಟ್ ಇಲ್ಲದೆ, ಬರೀ ಕೈಯಲ್ಲಿ. ನೂರಡಿ ಆಚೀಚೆ ಆದ ದಿನ ಕಾರಿನ ಕೀ ನಿಮ್ಮದು. ನ್ಯಾಯ ಹೇಳೋಕೆ ನಿಮ್ಮತ್ತೆ ಕೂತಿರ್ತಾಳೆ.”

ಹಾರಿಸುವವನ ಕಣ್ಣು ದಿಗಂತದ ಮೇಲಿರಬೇಕು, ಎತ್ತರದ ಅಂಕಿ ನೋಡುವುದು ತೀರ್ಪುಗಾರರ ಕೆಲಸ ಎಂಬ ನಿಯಮವೂ ಅವರದೇ. ಹೀಗೆ ಹೆಂಡತಿಗೆ ಬೆತ್ತದ ಕುರ್ಚಿಯ ಪದವಿ ದೊರಕಿತು. ಆಕೆಗೆ ಆ ಯಂತ್ರ ಹೊಸದಲ್ಲ. ಯಾವ ಗುಂಡಿ ಯಾತಕ್ಕೆ ಎಂದು ಗಂಡ ಮೊದಲ ದಿನಗಳ ಉತ್ಸಾಹದಲ್ಲಿ ಆಕೆಗೆ ಎಷ್ಟೋ ಸಲ ಪಾಠ ಮಾಡಿದ್ದರು. ಅದರಲ್ಲೂ ಟ್ರಿಮ್ಮಿನ ಪಾಠ. ಸ್ಟಿಕ್ಕಿನ ನೆತ್ತಿಯಲ್ಲಿ, ಹೆಬ್ಬೆರಳಿಗೆ ಸಿಗುವಂತೆ, ಒಂದು ಪುಟ್ಟ ಗುಂಡಿ. ವಿಮಾನ ಮೂಗು ಎತ್ತಿದರೆ ಅದನ್ನು ಒಂದು ಚೂರು ಮುಂದಕ್ಕೆ ಒತ್ತಬೇಕು, ಒಂದು ಪಕ್ಕಕ್ಕೆ ವಾಲಿದರೆ ಎದುರು ಪಕ್ಕಕ್ಕೆ. ಸರಿಯಾಗಿ ಟ್ರಿಮ್ ಮಾಡಿದ ವಿಮಾನ ಕೈ ಬಿಟ್ಟರೂ ಸ್ವಲ್ಪ ಹೊತ್ತು ತನ್ನ ಪಾಡಿಗೆ ತಾನು ನೆಟ್ಟಗೆ ಹೋಗುತ್ತದೆ. ಎಳೆದಾಡುವುದು ಹುಡುಗರ ಕೆಲಸ ಕಣೇ, ಒಪ್ಪಿಸುವುದು ಪೈಲಟ್ಟಿನ ಕೆಲಸ, ಎನ್ನುತ್ತಿದ್ದರು.

ಆದರೆ ಕರಾರಿನ ಎರಡನೆಯ ತಿಂಗಳಿಗೆ ಆ ಹೆಬ್ಬೆರಳೇ ಒಪ್ಪದಾಯಿತು. ಒಂದು ಸಲ ಒತ್ತಲು ಹೋದರೆ ಅದು ಮೂರು ಸಲ ಒತ್ತುತ್ತಿತ್ತು. ದಿಗಂತ ತೂಗುಯ್ಯಾಲೆಯಾಯಿತು. ಸ್ಟಿಕ್ಕಿನ ಸ್ಪ್ರಿಂಗನ್ನು ಅಳಿಯ ಬೇಕೆಂದೇ ಸಡಿಲ ಮಾಡಿದ್ದಾನೆ, ಅವನ ಕಣ್ಣು ಕಾರಿನ ಮೇಲಿದೆ ಎಂದು ಅವರು ಹಾರಾಡಿದರು. ಅವನು ಎದುರಾಡಲಿಲ್ಲ. ಮರುದಿನವೇ ಹೊಸ ಸ್ಪ್ರಿಂಗ್ ತಂದು ಹಾಕಿ, ಮಾವನ ಮುಖ ನೋಡದೆ ಮೆಟ್ಟಿಲಿಳಿದು ಹೋದ. ಆ ಮೌನವನ್ನೂ ಅವರು ತಪ್ಪಿತಸ್ಥನ ಮೌನವೆಂದೇ ಬಗೆದರು.

ಅದಾದ ಮೇಲಿನ ಭಾನುವಾರಗಳಲ್ಲಿ ವಿಮಾನ ಬೆಣ್ಣೆಯ ಮೇಲೆ ಜಾರಿದಂತೆ ಹೋಗತೊಡಗಿತು. ಮೊದಮೊದಲು ಖುಷಿಯೋ ಖುಷಿ. ಸ್ಪ್ರಿಂಗಿನದೇ ದೋಷ ಎಂದೆನಲ್ಲ, ಎಂದು ಮನೆಯಲ್ಲೆಲ್ಲ ಮೀಸೆ ತಿರುವಿಕೊಂಡು ಓಡಾಡಿದರು. ಆದರೆ ಖುಷಿಗೆ ಬುಡ ಗಟ್ಟಿಯಿರಲಿಲ್ಲ. ಚಹಾದ ಕಪ್ಪು ಸಾಸರಿನ ಮೇಲೆ ಕಟಕಟಿಸುತ್ತಿತ್ತು. ಅಂಗಿಯ ಗುಂಡಿ ಸಿಕ್ಕಿಸಲು ಕನ್ನಡಿಯ ಮುಂದೆ ನಿಂತು ಯುದ್ಧ ಮಾಡಬೇಕಿತ್ತು. ಕೈ ದಿನದಿನಕ್ಕೆ ಕೆಡುತ್ತಿರುವಾಗ ಹಾರಾಟ ಮಾತ್ರ ದಿನದಿನಕ್ಕೆ ಸುಧಾರಿಸುವುದೆಂದರೇನು? ಗಾಳಿಯೆಂಬುದು ಯಾವ ಪೈಲಟ್ಟಿಗೂ ಇಷ್ಟು ಸಜ್ಜನನಾಗಿ ವರ್ತಿಸಿದ್ದನ್ನು ಅವರು ಕಂಡವರಲ್ಲ.

ಸಂಶಯಕ್ಕೆ ಒಂದು ಗುಣವಿದೆ. ಅದು ಬಂದ ಮೇಲೆ ಮನೆಯ ಸಾಮಾನುಗಳೆಲ್ಲ ಸಾಕ್ಷಿ ನುಡಿಯಲು ಎದ್ದು ನಿಲ್ಲುತ್ತವೆ. ಆಟೋಪೈಲಟ್ ಚಾಲೂ ಆದರೆ ಹೊತ್ತಿಕೊಳ್ಳುವ ಹಸಿರು ದೀಪದ ಬಲ್ಬೇ ಇಲ್ಲದಿರುವುದು ಈಗ ಅವರ ಕಣ್ಣಿಗೆ ಬಿತ್ತು. ಅಳಿಯನನ್ನು ಕೇಳಿದರೆ, ಹೊಸ ಬಲ್ಬು ಹಾಕಿದ್ದೆನಲ್ಲ ಮಾವ, ಎಂದು ಅಚ್ಚರಿ ನಟಿಸಿದ. ನಟಿಸಿದ ಎಂದೇ ಅವರಿಗೆ ಅನ್ನಿಸಿತು.

ಇನ್ನು ಹೆಂಡತಿ. ಕಾರು ಹತ್ತಿದರೆ ಹೊಟ್ಟೆ ತೊಳಸುತ್ತದೆ ಎಂದು ಜೀವಮಾನವಿಡೀ ಹೇಳಿಕೊಂಡು ಬಂದವಳು ಇತ್ತೀಚೆಗೆ ದಿನವೂ ಬೆಳಿಗ್ಗೆ, ಗಾಳಿ ಬೇಕು ಎನ್ನುತ್ತ, ಮುಂದಿನ ಸೀಟಿನಲ್ಲಿ ಬಂದು ಕೂರುತ್ತಿದ್ದಳು. ಹಿಂದೆ ಮೊಮ್ಮಗಳ ಹರಟೆ. ಮುಂದೆ ಈಕೆಯ ಮೌನ. ಕಳೆದ ವಾರ ಶಾಲೆಯ ತಿರುವಿನಲ್ಲಿ ಆಕೆಯ ಕೈ ತಪ್ಪಿ ಹ್ಯಾಂಡ್‌ಬ್ರೇಕಿನ ಮೇಲೆ ಬಿದ್ದು, ಕಾರು ಮುಗ್ಗರಿಸಿ ನಿಂತು, ಹಿಂದಿನವರೆಲ್ಲ ಹಾರ್ನ್ ಬಾರಿಸಿ ಮಾನ ಕಳೆದಿದ್ದರು. ಕೈ ಮಡಿಚಿಕೊಂಡು ಕೂರೋಕೆ ಆಗಲ್ವಾ ಎಂದು ಅವರು ಗದರಿದಾಗ ಆಕೆ ಕ್ಷಮಿಸಿ ಎಂದಿದ್ದಳಷ್ಟೆ. ಹಾಗಾದರೆ ಗೂಢಚಾರಿಣಿ ಈಕೆ. ಅಳಿಯನೇ ಕೂರಿಸಿರಬೇಕು.

ಒಂದೇ ಒಂದು ಲೆಕ್ಕ ಕೂಡಿಬರುತ್ತಿರಲಿಲ್ಲ. ಕಾರು ಬೇಕಾದವನು ತನ್ನನ್ನು ಗೆಲ್ಲಿಸುವುದೇಕೆ? ನಿದ್ದೆ ಬಾರದೆ ಹೊರಳಾಡಿ ಅದಕ್ಕೂ ಉತ್ತರ ಹುಡುಕಿದರು. ಒಂದು ದಿನ ಎಲ್ಲರೆದುರು ಆಟೋಪೈಲಟ್ ತೆಗೆದು, ನೋಡಿ ನಿಮ್ಮ ಪೈಲಟ್ಟನ್ನು, ಎಂದು ನಗಲಿಕ್ಕೆ. ಉತ್ತರ ಎಷ್ಟು ಕಹಿಯಾಗಿತ್ತೋ ಅಷ್ಟೇ ಹಿತವಾಗಿತ್ತು.

ಇಂದು ಅವರು ಬಂದದ್ದು ಹಾರಿಸಲಿಕ್ಕಲ್ಲ, ಹಿಡಿಯಲಿಕ್ಕೆ. ವಿಮಾನದ ಎರಡೂ ರೆಕ್ಕೆಗಳ ಕೆಳಗೆ ಒಂದೊಂದು ಇಂಧನದ ಟ್ಯಾಂಕು ತೂಗುತ್ತಿರುತ್ತದೆ. ಒಂದನ್ನು ಮಾತ್ರ ಕಳಚಿ ಬೀಳಿಸಿದರೆ ಉಳಿದ ಟ್ಯಾಂಕಿನ ಭಾರಕ್ಕೆ ವಿಮಾನ ಆ ಕಡೆಗೆ ವಾಲಲೇಬೇಕು. ಪೈಲಟ್ ಕೂಡಲೇ ಟ್ರಿಮ್ ಮಾಡಿ ಸರಿಪಡಿಸಬೇಕು. ವಾಲದಿದ್ದರೆ ಯಾರೋ ಹಿಡಿದುಕೊಂಡಿದ್ದಾರೆ ಎಂದೇ ಅರ್ಥ.

ಅವರು ಎಡಗೈ ಚಾಚಿ, ‘ಮೂರನೇ ಮಹಡಿ’ ಎಂದು ಬರೆದಿದ್ದ ಗುಂಡಿಯನ್ನು ಒತ್ತಿದರು. ಎಡರೆಕ್ಕೆಯಿಂದ ಟ್ಯಾಂಕು ಕಳಚಿ ಮಣ್ಣಿನ ಬಣ್ಣದೊಳಗೆ ಸಣ್ಣದಾಗುತ್ತ ಹೋಯಿತು. ಅವರು ಟ್ರಿಮ್ ಮುಟ್ಟಲಿಲ್ಲ. ಸ್ಟಿಕ್ಕನ್ನೂ ಬಿಟ್ಟು ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟು ಕುಳಿತರು.

ದಿಗಂತ ಕದಲಲಿಲ್ಲ.

“ರೀ, ಕೈ ಯಾಕೆ ತೆಗೆದ್ರಿ?”

“ಇನ್ನೊಬ್ಬರು ಹಾರಿಸ್ತಾ ಇರುವಾಗ ನನ್ನ ಕೈಗೇನು ಕೆಲಸ?” ತಿರುಗದೆಯೇ ಅಂದರು. “ನಮ್ಮ ಅಳಿಯ ದೇವ್ರಿಗೆ ಫೋನ್ ಮಾಡು. ಲಿಫ್ಟಲ್ಲಿ ಜನಾನ ಮೇಲೆ ಕೆಳಗೆ ಎಳೆದಾಡಿದ್ದು ಸಾಲ್ದು ಅಂತ ನನ್ನನ್ನೂ ಎಳೆದಾಡ್ತಿದ್ದಾರೆ. ಬರ್ಲಿ, ನನ್ನೆದುರು ನಿಂತು ಹೇಳ್ಲಿ.”

ಬೆತ್ತದ ಕುರ್ಚಿ ಕಿರುಗುಟ್ಟಿತು. ಅವರು ಕತ್ತು ಹೊರಳಿಸಿದಾಗ ಹೆಂಡತಿ ಶಾಲನ್ನು ಮಡಚಿ ಪಕ್ಕಕ್ಕಿಡುತ್ತಿದ್ದಳು. ಮಡಿಲಲ್ಲಿ ಸಿಮ್ಯುಲೇಟರ್ ನಡೆಸುವ ಕಂಪ್ಯೂಟರಿನ ಕೀಬೋರ್ಡು. ಎಡಗೈಯ ಒಂದು ಬೆರಳು ಇನ್ನೂ ಒಂದು ಅಕ್ಷರದ ಮೇಲೆ ಹಾಗೆಯೇ ಇತ್ತು, ಮಗುವಿನ ಹಣೆಯ ಮೇಲಿಟ್ಟಂತೆ.

“ಅವ್ರನ್ನ ಕರೀಬೇಡಿ” ಎಂದಳು. “ಅವ್ರಿಗೆ ಏನೂ ಗೊತ್ತಿಲ್ಲ. ನೀವು ಟ್ರಿಮ್ ಮುಗಿಸಿ ಕೂತ ಮೇಲೆ ನಾನೇ ಆಟೋಪೈಲಟ್ ಒತ್ತಿಬಿಡ್ತಿದ್ದೆ. ಕೈ ನಡುಗಿದ್ರೂ ಅಷ್ಟಿಷ್ಟಕ್ಕೆ ಅದು ಬಿಟ್ಟುಹೋಗಲ್ಲ ಅಂತ ನೀವೇ ಹೇಳ್ಕೊಟ್ಟಿದ್ರಲ್ಲ.”

ಆಕೆ ಕನ್ನಡಕದ ಪೆಟ್ಟಿಗೆ ತೆರೆದು, ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟಿದ್ದ ಪುಟ್ಟ ಹಸಿರು ಬಲ್ಬನ್ನು ತೆಗೆದು ಅಂಗೈಯಲ್ಲಿ ಹಿಡಿದಳು.

ಅವರು ಬೈಯಬೇಕೆಂದು ಬಾಯಿ ತೆರೆದರು. ಬೈಗುಳಗಳೆಲ್ಲ ಅಳಿಯನ ಹೆಸರಿಗೆ ಹೊಂದಿಸಿಟ್ಟವಾಗಿದ್ದವು, ಈಕೆಗೆ ಒಂದೂ ಒಗ್ಗಲಿಲ್ಲ. ಯಾವಾಗಿನಿಂದ ಎಂದಷ್ಟೇ ಕೇಳಿದರು. ಸ್ಪ್ರಿಂಗ್ ಗಲಾಟೆಯ ಭಾನುವಾರದ ನಂತರ ಎಂದಳು. ಅಂದು ವಿಮಾನ ನಾನೂರಡಿ ಕುಸಿದಿತ್ತು; ಆಕೆ ತೊಂಬತ್ತು ಎಂದಿದ್ದಳು. ಆ ರಾತ್ರಿ ಗಂಡ ಊಟ ಬಿಟ್ಟು ಕತ್ತಲಲ್ಲಿ ಅಂಗೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದುದನ್ನು ಆಕೆ ಕಂಡಿದ್ದಳು. ಕೀ ಹೋದರೆ ಈ ಮನುಷ್ಯನೂ ಹೋದಾನು ಎನ್ನಿಸಿತು.

“ಹಿಂದಿನ ಸೀಟಲ್ಲಿ ಮಗು ಕೂತಿರುತ್ತೆ ಅನ್ನೋದು ನಿನಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು. ಅದಕ್ಕೇ ಮುಂದಿನ ಸೀಟಲ್ಲಿ ನಾನು ಕೂರ್ತಿದ್ದೆ.”

ಅವರು ಮತ್ತೆ ಟಿವಿಯ ಕಡೆ ತಿರುಗಿದರು. ನೆಟ್ಟಗಿನ ದಿಗಂತದ ಮೇಲೆ ಶಾಲೆಯ ತಿರುವು ಮೂಡಿತು. ಮುಗ್ಗರಿಸಿ ನಿಂತ ಕಾರು, ಹಿಂದೆ ಹಾರ್ನುಗಳು; ಆದರೆ ಆ ದಿನ ಅವಮಾನದ ಬಿಸಿಯಲ್ಲಿ ಕಣ್ಣಿಗೆ ಬಿದ್ದೂ ಬೀಳದೆ ಹೋದದ್ದು ಈಗ ಸ್ಪಷ್ಟವಾಗಿ ಕಂಡಿತು. ಬಂಪರಿನ ಮುಂದೆ, ಒಂದು ಗೇಣು ದೂರದಲ್ಲಿ, ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಹೆದರಿ ಹಿಂತಿರುಗಿ ನೋಡಿದ ಮುಖ. ಆಕೆಯ ಕೈ ತಪ್ಪಿ ಬಿದ್ದಿರಲಿಲ್ಲ.

“ಕೈ ತಪ್ಪಿದ್ದು ನಂದು” ಎಂದರು, ತಮಗೇ ಕೇಳುವಷ್ಟು.

ಆಮೇಲೆ ಸ್ಟಿಕ್ಕನ್ನು ಹಿಡಿದು, ಕಿರುಬೆರಳಿಗೆ ಸಿಗುವ ಪುಟ್ಟ ಲಿವರನ್ನು ಎಳೆದರು. ಆಟೋಪೈಲಟ್ ಬಿಟ್ಟುಹೋಯಿತು. ಅಲ್ಲಿಯವರೆಗೆ ಹಿಡಿದಿಟ್ಟಿದ್ದ ಭಾರವೆಲ್ಲ ಒಮ್ಮೆಲೇ ಬಂದು, ವಿಮಾನ ಬಲಕ್ಕೆ ಮಗ್ಗುಲಾಯಿತು. ದಿಗಂತ ಏಣಿಯಂತೆ ಎದ್ದು ನಿಂತಿತು. ಅವರು ಎಳೆದರು, ತಳ್ಳಿದರು. ಹೆಬ್ಬೆರಳು ಟ್ರಿಮ್ಮಿನ ಮೇಲೆ ಹಕ್ಕಿ ಕಾಳು ಕುಕ್ಕಿದಂತೆ ಕುಕ್ಕಿತು. ವಿಮಾನ ಎಡಕ್ಕೆ ಉರುಳಿತು, ಮತ್ತೆ ಬಲಕ್ಕೆ, ಮೂಗು ಮಣ್ಣಿನ ಕಡೆಗೆ. ಹೆಂಡತಿಯ ಬೆರಳು ಕೀಬೋರ್ಡಿನ ಕಡೆಗೆ ಸರಿದದ್ದು ಅವರಿಗೆ ನೋಡದೆಯೂ ತಿಳಿಯಿತು.

“ಮುಟ್ಟಬೇಡ. ಅಂಕಿ ಹೇಳು.”

ಆಕೆಯ ಕಣ್ಣು ಅಂಕಿಯಿಂದ ಕೀಬೋರ್ಡಿಗೆ ಹೊರಳಿತು.

“ನಿನ್ನನ್ನ ಕೂರಿಸಿದ್ದೇ ಅದಕ್ಕೆ ಕಣೇ. ಹೇಳು.”

“ಒಂಬೈನೂರು” ಎಂದಳು. “ಒಂಬೈನೂರಡಿ ಕೆಳಗೆ.”

“ಹಾಂ.”

ಆ ಒಂದು ಅಕ್ಷರದಲ್ಲಿ ಕರಾರು ಮುಗಿಯಿತು. ಆದರೆ ಅವರು ಸೀಟಿನಿಂದ ಏಳಲಿಲ್ಲ. ಎಡಗೈಯನ್ನು ಬಲಗೈಯ ಮೇಲಿಟ್ಟು, ನಡುಗುವ ಹೆಬ್ಬೆರಳನ್ನು ಇನ್ನೊಂದು ಹೆಬ್ಬೆರಳಿನಿಂದ ಅದುಮಿ ಹಿಡಿದು, ಒಂದೊಂದೇ ಸಲ ಒತ್ತತೊಡಗಿದರು. ಒತ್ತಿ, ಕಾದು, ವಿಮಾನ ಏನೆನ್ನುತ್ತದೆಂದು ಆಲಿಸಿ, ಮತ್ತೆ ಒತ್ತಿ. ಬಹಳ ಹೊತ್ತು ಹಿಡಿಯಿತು. ನೆಲದ ಮೇಲಿನ ಬಿಸಿಲಿನ ಗೆರೆ ಗೋಡೆಗೆ ಹತ್ತಿತು. ಕೊನೆಗೆ ದಿಗಂತ ತನ್ನ ಜಾಗಕ್ಕೆ ಮರಳಿ, ಸಣ್ಣಗೆ ತುಯ್ದಾಡುತ್ತ, ಉಸಿರಾಡುವ ಪ್ರಾಣಿಯ ಬೆನ್ನಿನಂತೆ ನಿಂತಿತು. ಅಷ್ಟೊಂದು ಭಾನುವಾರಗಳ ನಿಶ್ಚಲ ಗೆರೆಗಿಂತ ಈ ತುಯ್ದಾಟ ಚೆಂದವಾಗಿತ್ತು, ಇದು ಅವರದಾಗಿತ್ತು.

“ಈಗ ಒತ್ತು” ಎಂದರು.

“ಏನನ್ನ?”

“ಆಟೋಪೈಲಟ್ಟು. ವಾಲ್ತಾ ಇರೋ ವಿಮಾನಾನ ಅದರ ಕೈಗೆ ಕೊಡಬಾರ್ದು. ಸರಿ ಮಾಡಿ ಕೊಟ್ರೆ, ಎಷ್ಟು ಹೊತ್ತು ಬೇಕಾದ್ರೂ ಹೋಗುತ್ತೆ. ನಿನಗೆ ಇದೊಂದನ್ನ ಹೇಳಿಕೊಟ್ಟಿರಲಿಲ್ಲ ಅಂತ ಕಾಣುತ್ತೆ.”

ಆಕೆ ಒತ್ತಿದಳು. ಅವರು ಬಲ್ಬನ್ನು ಆಕೆಯ ಅಂಗೈಯಿಂದ ತೆಗೆದುಕೊಂಡು ಖಾಲಿ ಜಾಗಕ್ಕೆ ತಿರುಗಿಸಿ ಕೂರಿಸಿದರು. ಮೂರು ಸಲ ಜಾರಿ, ನಾಲ್ಕನೆಯ ಸಲ ಹಿಡಿಯಿತು. ಹಸಿರು ಬೆಳಕು ಇಬ್ಬರ ಮುಖದ ಮೇಲೂ ಬಿತ್ತು. ಜೇಬಿನಿಂದ ಕಾರಿನ ಕೀ ತೆಗೆದು ಕೀಬೋರ್ಡಿನ ಮೇಲಿಟ್ಟು ಚಪ್ಪಲಿ ಹುಡುಕಿದರು.

“ಎಲ್ಲಿಗೆ ಹೊರಟ್ರಿ?”

“ವರ್ಕ್‌ಶಾಪಿಗೆ. ಸ್ಪ್ರಿಂಗಿಂದೂ ಬಲ್ಬಿಂದೂ ಅವರಿಗೊಂದು ಮಾತು ಹೇಳೋದಿದೆ. ಹೇಳಿ, ನಾಳೆಯಿಂದ ಮಗೂನ ಅವರೇ ಬಿಡ್ಲಿ ಅಂತ ಒಪ್ಪಿಸಿ ಬರ್ತೀನಿ.”

“ನಾನೂ ಬರ್ತೀನಿ, ಇರಿ.”

“ಬೇಡ. ನಡ್ಕೊಂಡು ಹೋಗೋನಿಗೆ ಹ್ಯಾಂಡ್‌ಬ್ರೇಕ್ ಬೇಕಾಗಲ್ಲ.”

ಆಕೆ ನಕ್ಕಳೋ ಬಿಕ್ಕಿದಳೋ, ಅವರು ತಿರುಗಿ ನೋಡಲಿಲ್ಲ. ಚಿಲಕಕ್ಕೆ ಕೈ ಹಾಕುವ ಮುನ್ನ ಒಂದು ಕ್ಷಣ ನಿಂತು, ವಿಮಾನ ತಾವಿಲ್ಲದೆಯೂ ನೆಟ್ಟಗೆ ಹೋಗುತ್ತಿದೆಯೇ ಎಂದು ಅದರ ಮೆಲುದನಿಯ ಮೊರೆತಕ್ಕೆ ಕಿವಿಗೊಟ್ಟರು. ಹೋಗುತ್ತಿತ್ತು. ಅವರು ಹೊರಗೆ ಹೆಜ್ಜೆಯಿಟ್ಟರು. ಅವರ ಬೆನ್ನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.