ಉಡಚವ್ವನ ಸೀನು ನೋಂದಣಿಯಾದದ್ದು

ಬ್ಯಾಡಗಿಯಲ್ಲಿ ಖಾರ ಕುಟ್ಟುವ ಗಿರಣಿಗಳು ಹತ್ತಾರಿವೆ. ಆದರೆ ಮಾಲತೇಶಪ್ಪನ ಗಿರಣಿಯ ಮುಂದೆ ಮಾತ್ರ ಜನ ಪುಡಿ ಚೀಲಕ್ಕೆ ಬಿದ್ದ ಮೇಲೂ ಒಂದು ಗಳಿಗೆ ನಿಂತಿರುತ್ತಿದ್ದರು. ಅವರು ಕಾಯುತ್ತಿದ್ದದ್ದು ಅವನ ಹೆಂಡತಿ ಉಡಚವ್ವನ ಸೀನಿಗೆ.

ಆಕೆಯ ಮೂಗು ಸಣ್ಣಂದಿನಿಂದಲೂ ಹಾಗೆಯೇ. ಅಪ್ಪಟ ಬ್ಯಾಡಗಿ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಅದರ ಘಾಟು ತಾಗಿದರೆ ಉಡಚವ್ವ ಎರಡೇ ಎರಡು ಸಲ ಸೀನಿ, ಕೊನೆಗೆ ‘ಅವ್ವಾ!’ ಎನ್ನುತ್ತಿದ್ದಳು. ಅದರಲ್ಲಿ ಗುಂಟೂರಿನ ಖಾರದ ಕಾಯಿ ಒಂದು ಹಿಡಿ ಬೆರೆತಿದ್ದರೂ ಸೀನು ಆರಕ್ಕೇರುತ್ತಿತ್ತು. ಆಗ ಅವ್ವನ ನೆನಪಾಗುವುದಕ್ಕೂ ಪುರಸೊತ್ತು ಸಿಗುತ್ತಿರಲಿಲ್ಲ. ಹೀಗಾಗಿ ಗಿರಾಕಿಗಳು ಬಂದವರೇ “ಅಕ್ಕಾರ, ಇವತ್ತ ಎಷ್ಟ್ರೀ?” ಎಂದು ಕೇಳುವರು. “ಎರಡರಿ” ಎಂದರೆ ನಿಶ್ಚಿಂತೆಯಿಂದ ಮನೆಗೆ ಹೋಗುವರು.

ಮಾಲತೇಶಪ್ಪನೂ ಸುಮ್ಮನೆ ಕುಳಿತವನಲ್ಲ. ಮೋಟೆಬೆನ್ನೂರಿನಲ್ಲಿ ಒಂದು ಶೆಡ್ಡು ಹಿಡಿದು, ಪಾಕೀಟು ಕಟ್ಟುವ ಯಂತ್ರ ಹಾಕಿಸಿ, ‘ಎರಡು ಸೀನು ಖಾರಪುಡಿ’ ಎಂದು ಹೆಸರಿಟ್ಟು ಹುಬ್ಬಳ್ಳಿಯ ತನಕ ಕಳಿಸತೊಡಗಿದ್ದ. ಶೆಡ್ಡಿನ ವ್ಯವಹಾರ ಅವನದು, ಹಳೆಯ ಗಿರಣಿ ಆಕೆಯದು.

ಒಂದು ದಿನ ಬೆಳಿಗ್ಗೆ ಉಡಚವ್ವ ಗಿರಣಿಯ ಕಟ್ಟೆಯ ಮೇಲೆ ಬಾಯಿ ಮುಚ್ಚಿಕೊಂಡು ಕುಳಿತಿದ್ದಾಗಲೇ ಅವಳ ಸೀನು ಕೇಳಿಸಿತು. ತಾನೇ ಸೀನಿದೆನೇನೋ ಎಂದು ಕೈ ತಂತಾನೇ ಸೆರಗಿಗೆ ಹೋಯಿತು. ಮತ್ತೊಂದು ಸೀನು. ಆಮೇಲೆ ‘ಅವ್ವಾ!’ ನೋಡಿದರೆ ಎದುರಿನ ಗಿರಣಿಯ ಮೈಲಾರೆಪ್ಪ ಬಾಗಿಲಿಗೆ ಸ್ಪೀಕರ್ ಕಟ್ಟಿದ್ದ. ಯಾವಾಗಲೋ ಮೊಬೈಲಿನಲ್ಲಿ ಹಿಡಿದಿದ್ದ ಅವಳ ಸೀನು ಐದು ನಿಮಿಷಕ್ಕೊಮ್ಮೆ ಓಣಿಯ ತುಂಬ ಮೊಳಗುತ್ತಿತ್ತು.

“ಮೈಲಾರೆಪ್ಪಣ್ಣ, ಅದು ನನ್ನ ಸೀನು” ಎಂದಳು ಉಡಚವ್ವ, ರಸ್ತೆ ದಾಟಿ ಹೋಗಿ.

“ಅದರ ಮ್ಯಾಲ ನಿಮ್ಮ ಹೆಸರ ಬರದೈತೇನ್ರಿ ಅಕ್ಕಾರ? ಗಾಳ್ಯಾಗ ಬಿಟ್ಟಿದ್ರಿ, ನಾ ಹಿಡಕೊಂಡೇನಿ.”

ಮಾಲತೇಶಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮರುದಿನವೇ ಹೆಂಡತಿಯನ್ನು ಕರೆದುಕೊಂಡು ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹತ್ತಿರ, ಶಾಬುದ್ದೀನನ ಝೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲಿದ್ದ ವಕೀಲೆ ತಸ್ಲೀಮಳ ಕಚೇರಿಗೆ ಹೋದ. ಟ್ರೇಡ್‌ಮಾರ್ಕಿನ ಕೆಲಸಕ್ಕೆ ಸುತ್ತಲಿನ ವ್ಯಾಪಾರಸ್ಥರೆಲ್ಲ ಆಕೆಯ ಹತ್ತಿರವೇ ಬರುತ್ತಿದ್ದರು.

ತಸ್ಲೀಮ್ ನಗಲಿಲ್ಲ. “ಸಪ್ಪಳಾನೂ ಟ್ರೇಡ್‌ಮಾರ್ಕ್ ಆಗ್ತೈತ್ರಿ. ಕಾಯ್ದೆ ಈಗ ಭಾಳ ಮುಂದ ಬಂದೈತಿ. ಮೊನ್ನೆ ಮೊನ್ನೆ ಟೈರಿಗೆ ಹಾಕೋ ಗುಲಾಬಿ ವಾಸನಿನೂ ಒಪ್ಪಿಕೊಂಡಾರ” ಎಂದಳು.

“ಹಂಗಾರ ನಮ್ಮ ಪುಡಿ ಘಾಟೂ ಬರಸ್ರಿ!”

“ಅದು ಆಗೂದಿಲ್ರಿ ಕಾಕಾರ. ಟೈರಿಗೆ ಗುಲಾಬಿ ವಾಸನಿ ಯಾರೂ ಕೇಳಿದ್ದಲ್ಲ, ಅದಕ್ಕ ಗುರ್ತ ಸಿಗ್ತೈತಿ. ಖಾರಪುಡಿಗೆ ಖಾರದ ವಾಸನಿ ಇರೂದs. ಸೀನಿಂದು ನೋಡೂಣು. ಮೂವತ್ತು ಸೆಕೆಂಡಿನೊಳಗ ರೆಕಾರ್ಡ್ ಆಗಬೇಕು, ಅದರ ಸ್ವರಾನೂ ಬರದು ಕೊಡಬೇಕು.”

“ನೋಂದಣಿ ಆಗೇತಿ ಅಂತ ಪಾಕೀಟಿನ ಮ್ಯಾಲ ಇವತ್ತs ಹಾಕಿಸಲೇನ್ರಿ?”

“ಬ್ಯಾಡ್ರಿ. ಆಗದs ಆಗೇತಿ ಅಂತ ಬರದ್ರ ಮದಲ ಜೈಲಿತ್ತು. ಈಗ ಜೈಲ ತಗದು ದಂಡ ಇಟ್ಟಾರ. ಸುಳ್ಳ ಮಾತ್ರ ಸುಳ್ಳs.”

ರೆಕಾರ್ಡ್ ಮಾಡಲು ಗಂಡ-ಹೆಂಡತಿ ಹಾವೇರಿಯ ಸ್ಟುಡಿಯೋಕ್ಕೆ ಮೂರು ಸಲ ಅಲೆದರು. ಮೂಗಿನ ತುದಿಯವರೆಗೆ ಬಂದ ಸೀನು, ಕೆಂಪು ದೀಪ ಹತ್ತಿದ ಕೂಡಲೇ ನಾಚಿ ಹಿಂದಿರುಗಿ ಹೋಗುತ್ತಿತ್ತು. ಮೂರನೆಯ ದಿನ ಸ್ಟುಡಿಯೋದವನು ಬೇಸತ್ತು ಮೈಕು ಆರಿಸದೆಯೇ ಊಟಕ್ಕೆ ಎದ್ದು ಹೋದ. ಮಾಲತೇಶಪ್ಪ ಚಹಾಕ್ಕೆ ಹೋದ. ಒಬ್ಬಳೇ ಉಳಿದ ಉಡಚವ್ವ, ಸೀನು ಬರಿಸಲೆಂದು ತನ್ನ ಗಿರಣಿಯಿಂದ ತಂದು ಮಡಿಲಲ್ಲಿ ಚೆಲ್ಲಿಕೊಂಡಿದ್ದ ಪುಡಿಯನ್ನು ಕೊಡವಿಕೊಂಡಳು. ಎರಡು ಸೀನು, ಒಂದು ‘ಅವ್ವಾ!’ ಒಟ್ಟು ಹನ್ನೊಂದು ಸೆಕೆಂಡು.

ಸ್ವರ ಬರೆದುಕೊಟ್ಟವನು ಅದೇ ಊರಿನ ಹಾರ್ಮೋನಿಯಂ ಮಾಸ್ತರ ಸಿದ್ದಲಿಂಗೇಶ. ಕಣ್ಣು ಮುಚ್ಚಿಕೊಂಡು ನಾಲ್ಕು ಸಲ ಕೇಳಿ, “ಪಂಚಮ ಮುಟ್ಟಿ ತಾರ ಷಡ್ಜಕ್ಕ ಜಿಗಿತೈತಿ, ಭೇಷ್! ‘ಅವ್ವಾ’ ಅನ್ನೂದು ಮಾತ್ರ ಒಂಚೂರು ಬೇಸೂರ. ತಿದ್ದಲೇನ್ರಿ?” ಎಂದ.

“ತಿದ್ದಬ್ಯಾಡ್ರಿ ಸರ, ಅರ್ಜಿ ಕೆಡತೈತಿ” ಎಂದಳು ತಸ್ಲೀಮ್ ಫೋನಿನಲ್ಲಿ.

ಅರ್ಜಿ ಹೋದ ದಿನದಿಂದ ಮಾಲತೇಶಪ್ಪ ಹೆಂಡತಿಯ ಮೂಗನ್ನು ಕಾಯತೊಡಗಿದ. ಅವಳು ಸಂತೆಗೆ ಹೊರಟರೆ ಬಾಯಿಗೆ ಮಾಸ್ಕು ಕಟ್ಟಿಕೋ ಎನ್ನುವನು. ಕುಪ್ಪೇಲೂರಿನಲ್ಲಿ ತಂಗಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಒಗ್ಗರಣೆಯ ಘಾಟಿಗೆ ಆಕೆ ಸೀನಿದಾಗ, ಹತ್ತು ಮಂದಿಯ ಎದುರೇ ಗದರಿದ.

“ಇಲ್ಲ್ಯಾಕ ಪುಕ್ಕಟೆ ಕೊಟ್ಟಿ? ಯಾರರ ಹಿಡಕೊಂಡ್ರ?”

“ನನ್ನ ಮೂಗ ನನ್ನ ಮುಖದಾಗs ಐತಿ, ನಿಮ್ಮ ಶೆಡ್ಡಿನ್ಯಾಗಿಲ್ಲ” ಎಂದಳು ಉಡಚವ್ವ. ಎಲ್ಲರೂ ನಕ್ಕರು; ಅವಳಿಗೆ ಮಾತ್ರ ನಗು ಬರಲಿಲ್ಲ. ಆ ಅರ್ಜಿಯಲ್ಲಿ ತನ್ನ ಹೆಸರು ಎಲ್ಲಾದರೂ ಇದೆಯೇ ಎಂದು ಅವಳಿಗೆ ಅನ್ನಿಸಿದ್ದು ಅಂದೇ ಮೊದಲು. ಇರಲಿಲ್ಲ. ಅರ್ಜಿದಾರ ಮಾಲತೇಶಪ್ಪ.

ಕೆಲವು ತಿಂಗಳ ಮೇಲೆ ಟ್ರೇಡ್‌ಮಾರ್ಕ್ ಕಚೇರಿಯಿಂದ ಆಕ್ಷೇಪಣೆ ಬಂತು: ಖಾರಪುಡಿಯ ಹತ್ತಿರ ಮನುಷ್ಯರು ಸೀನುವುದು ಸಹಜ, ಇದರಲ್ಲಿ ಅರ್ಜಿದಾರರ ವಿಶೇಷವೇನು? ವಿಚಾರಣೆ ವಿಡಿಯೋದಲ್ಲಿ ನಡೆಯಿತು. ತಸ್ಲೀಮಳ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಕನ್ನಡಕದ ಅಧಿಕಾರಿಯೊಬ್ಬರು ಕಾಣಿಸಿಕೊಂಡರು. ತಸ್ಲೀಮ್ ಸೀನಿನ ಲೆಕ್ಕವನ್ನೆಲ್ಲ ವಿವರಿಸಿದಳು. ಅವರು ಗಂಭೀರವಾಗಿ ಕೇಳಿ, ಇದು ನಟನೆಯಲ್ಲ ಎನ್ನುವುದಕ್ಕೆ ಏನು ಆಧಾರ ಎಂದರು.

“ಪರೀಕ್ಷೆ ಮಾಡೂಣ್ರಿ” ಎಂದಳು ಉಡಚವ್ವ.

ಈ ವ್ಯಾಜ್ಯಕ್ಕೆ ಸಂಬಂಧವಿಲ್ಲದವನೆಂದು ಕೆಳಗಿನ ಶಾಬುದ್ದೀನನನ್ನು ಕರೆಸಿದರು. ಅವನು ಪೇಟೆಯಲ್ಲಿ ಸುತ್ತಿ ಆರು ಬಗೆಯ ಪುಡಿ ತಂದು, ಆರು ಬಟ್ಟಲಿಗೆ ಸುರಿದು, ಯಾವುದು ಯಾವುದೆಂದು ಚೀಟಿ ಬರೆದು ಜೇಬಿಗೆ ಹಾಕಿಕೊಂಡ. ಉಡಚವ್ವನ ಕಣ್ಣಿಗೆ ಬಟ್ಟೆ ಕಟ್ಟಿದರು. ಮೊದಲ ಬಟ್ಟಲಿಗೆ ಎರಡು ಸೀನು. ಎರಡನೆಯದಕ್ಕೆ ಆರು. ಮೂರು, ನಾಲ್ಕಕ್ಕೆ ಎರಡೆರಡು. ಐದಕ್ಕೆ ಆರು. ಅಧಿಕಾರಿ ಒಂದೊಂದನ್ನೂ ಬರೆದುಕೊಂಡರು. ಆರನೆಯ ಬಟ್ಟಲು ಮೂಗಿನ ಹತ್ತಿರ ಬಂತು. ಒಂದು, ಎರಡು... ಎಲ್ಲರೂ ‘ಅವ್ವಾ’ಗೆ ಕಾದರು. ಮೂರು, ನಾಲ್ಕು, ಐದು, ಆರು.

ಶಾಬುದ್ದೀನ ಚೀಟಿ ಬಿಚ್ಚಿ ಓದಿದ. ಐದೂ ಸರಿಯಾಗಿದ್ದವು. “ಇನ್ನ ಆರನೇದು,” ಎಂದು ಅವನು ಅಭಿಮಾನದಿಂದ ಕತ್ತೆತ್ತಿದ, “ನಮ್ಮ ಕಾಕಾರದs ಪಾಕೀಟು. ಎರಡು ಸೀನು ಖಾರಪುಡಿ.”

“ಗಾಳಿ... ಫ್ಯಾನ್ ಬಂದ್ ಮಾಡ್ರಿ” ಎಂದ ಮಾಲತೇಶಪ್ಪ.

ಉಡಚವ್ವ ಕಣ್ಣಿನ ಬಟ್ಟೆ ತೆಗೆದು ಗಂಡನ ಮುಖ ನೋಡಿದಳು. ಮತ್ತೇನೂ ಕೇಳುವುದು ಬೇಕಾಗಲಿಲ್ಲ. ಸಿಟ್ಟಿಗಿಂತ ಮೊದಲು ಅವಳಿಗೆ ನಾಚಿಕೆಯಾಯಿತು. ಹುಬ್ಬಳ್ಳಿಯ ತನಕ ತನ್ನ ಸೀನಿನ ಹೆಸರಿನಲ್ಲಿ ಇದು ಹೋಗುತ್ತಿತ್ತಲ್ಲ ಎಂದು.

ಅಧಿಕಾರಿ ಮಾತ್ರ ಬಹಳ ಹೊತ್ತು ಬರೆಯುತ್ತಿದ್ದರು. ಕೊನೆಗೆ ಅವರು ಹೇಳಿದ್ದನ್ನು ತಸ್ಲೀಮ್ ತಗ್ಗಿದ ದನಿಯಲ್ಲಿ ಕನ್ನಡಕ್ಕೆ ತಂದಳು: “ಈ ಸೀನಿಗೆ ಅರ್ಜಿದಾರನ ಮುಲಾಜೂ ಇಲ್ಲ ಅಂತ ಖಾತ್ರಿ ಆತಂತ್ರಿ. ಎಲ್ಲಾರ ಸೀನಿನಂಗ ಇದಲ್ಲ ಅಂತ ಒಪ್ಪಿದ್ರು.”

ಗೆದ್ದರೂ ಮೂವರೂ ಸೋತವರ ಹಾಗೆ ಕುಳಿತಿದ್ದರು. ಶಾಬುದ್ದೀನ ಸದ್ದಿಲ್ಲದೆ ಕೆಳಗಿಳಿದು ಹೋದ.

“ಯಾವಾಗಿಂದ?” ಎಂದಳು ಉಡಚವ್ವ.

“ದೀಪಾವಳಿಯಿಂದ. ಹೋಟೆಲಿನವರು ಬಣ್ಣ ಸಾಕು, ಖಾರ ಹಾಕ್ರಿ ಅಂತ ಗಂಟ ಬಿದ್ರು. ನಿನಗ ಹೇಳಿದ್ರ ನೀ ಬ್ಯಾಡಂತಿದ್ದಿ.”

“ಅಂತಿದ್ದೆ.” ಅವಳು ತಸ್ಲೀಮಳ ಕಡೆ ತಿರುಗಿದಳು. “ವಕೀಲವ್ವ, ಅರ್ಜಿ ನನ್ನ ಹೆಸರಿಗೆ ಆಗಬೇಕಂದ್ರ ಏನ ಮಾಡಬೇಕು?”

“ಕಾಕಾರು ಬರದು ಕೊಡಬೇಕ್ರಿ.”

“ಬರದು ಕೊಡತಾರ.”

ಮಾಲತೇಶಪ್ಪ ಪೆನ್ನು ಹಿಡಿದವನು ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ಆರನೆಯ ಬಟ್ಟಲನ್ನು ನೋಡಿದ, ಆಮೇಲೆ ರುಜು ಹಾಕಿದ. ಹೆಸರು ಬದಲಾಯಿಸಲು ಕಾರಣವೇನೆಂದು ಬರೆಯಲಿ ಎಂದು ತಸ್ಲೀಮ್ ಕೇಳಿದಳು.

“ಸೀನಾಕಿ ನಾನs ಅಂತ ಬರಿ.”

ಮೋಟೆಬೆನ್ನೂರಿನ ಶೆಡ್ಡಿನಲ್ಲಿದ್ದ ಪಾಕೀಟುಗಳನ್ನೆಲ್ಲ ಅವರಿಬ್ಬರೂ ಮೂರು ದಿನ ಕುಳಿತು ಒಡೆದರು. ಮೂರನೆಯ ದಿನದ ಹೊತ್ತಿಗೆ ಉಡಚವ್ವನ ಮೂಗು ಟೊಮೆಟೊ ಹಣ್ಣಿನಂತಾಗಿತ್ತು. ಮಾಲತೇಶಪ್ಪ ಪ್ರತಿ ಆರನೆಯ ಸೀನಿಗೂ “ತಪ್ಪಾತು” ಎನ್ನುತ್ತಿದ್ದ. ಅದೇ ಪುಡಿಯನ್ನು ‘ಮಿಶ್ರ ಖಾರಪುಡಿ, ಗುಂಟೂರು ಬೆರೆಸಿದ್ದು’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಬೇರೆ ಪಾಕೀಟಿನಲ್ಲಿ ಕಟ್ಟಿದರು. ಯಾರು ತೆಗೆದುಕೊಂಡಾರು ಎಂದು ಅವನು ಅಂಜಿದ್ದ. ಹೋಟೆಲಿನವರು ಮುಗಿಬಿದ್ದು ಕೊಂಡರು. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ ಎಂಬುದು ಅವನನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸಿತು.

ಸೀನು ಸರಕಾರದ ಪತ್ರಿಕೆಯಲ್ಲಿ ಪ್ರಕಟವಾಯಿತು. ತಕರಾರು ಮಾಡುವವರಿಗೆ ನಾಲ್ಕು ತಿಂಗಳ ಗಡುವು. ಮೇಡ್ಲೇರಿಯಿಂದ ಒಬ್ಬ ಮುದುಕ ಬಂದು, ತೀರಿಹೋದ ತನ್ನ ತಾಯಿಯೂ ಹೀಗೆಯೇ ಸೀನುತ್ತಿದ್ದಳೆಂದು ತಸ್ಲೀಮಳ ಕಚೇರಿಯಲ್ಲಿ ಕುಳಿತ. ರೆಕಾರ್ಡ್ ಕೇಳಿಸಿದಾಗ ಕಣ್ಣೊರೆಸಿಕೊಂಡು, “ಇಲ್ರಿ, ನಮ್ಮವ್ವ ‘ಶಿವಾ’ ಅಂತಿದ್ಳು” ಎಂದು ಎದ್ದು ಹೋದ. ಬೇರೆ ಯಾರೂ ಬರಲಿಲ್ಲ.

ಪ್ರಮಾಣಪತ್ರ ಬಂದ ದಿನ ತಸ್ಲೀಮ್ ಫೋನು ಮಾಡಿ, ಹತ್ತು ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು ಎಂದಳು. ಹತ್ತು ವರ್ಷಕ್ಕೆ ತನಗೆ ಎಷ್ಟು ವಯಸ್ಸಾಗುತ್ತದೆಂದು ಉಡಚವ್ವ ಬೆರಳು ಮಡಚಿ ಎಣಿಸುತ್ತಿದ್ದಾಗ, ಮೈಲಾರೆಪ್ಪ ಒಂದು ಬಟ್ಟಲಿನಲ್ಲಿ ಪುಡಿ ಹಿಡಿದುಕೊಂಡು ರಸ್ತೆ ದಾಟಿ ಬಂದ. ಅವನ ಬಾಗಿಲಿಗೆ ಕಟ್ಟಿದ್ದ ಸ್ಪೀಕರ್ ಕಾಣಲಿಲ್ಲ.

“ಅಕ್ಕಾರ, ಇದನ್ನೊಂಚೂರು ಮೂಸಿ ನೋಡ್ರಲ್ಲ.”

“ಇವತ್ತ ನೆಗಡಿ ಬಂದೈತಿ, ಮೈಲಾರೆಪ್ಪಣ್ಣ” ಎಂದಳು ಉಡಚವ್ವ. “ಕುಂದ್ರು, ಚಾ ಕುಡದು ಹೋಗಂತಿ. ಸೋಮವಾರ ತಗೊಂಡು ಬಾ.”