ಸೂಜಿಯ ಹೆಸರು

ಬೆಳಿಗ್ಗೆ ಹತ್ತು ಗಂಟೆಗೆ ರಾಜೇಶ್ವರದ ದವಾಖಾನೆಯಲ್ಲಿ ಜೈನಬಿ ಮೊಣಕಾಲಿಗೆ ಸೂಜಿ ಬೇಡವೆಂದಳು. ನಾಲ್ಕು ವರ್ಷದಿಂದ ತಿಂಗಳಿಗೊಮ್ಮೆ ಚುಚ್ಚಿಸಿಕೊಂಡು, ನೋವು ಇಳಿದೊಡನೆ ಕೌದಿ ಹೊಲಿಯಲು ಕೂಡುತ್ತಿದ್ದಳು. ಹೋದ ವಾರ ಹುಮನಾಬಾದಿನ ಎಲುಬಿನ ಡಾಕ್ಟರು ಎಕ್ಸ್‌ರೇ ನೋಡಿ, ಕೀಲಿನ ಮೃದು ಎಲುಬು ಸವೆದಿದೆ, ಸೂಜಿಯಲ್ಲಿದ್ದದ್ದು ಸ್ಟೆರಾಯ್ಡ್ ಆಗಿದ್ದರೆ ಅದೂ ಕಾರಣವಿರಬಹುದು, ಆ ಔಷಧದ ಹೆಸರು ಬರೆಸಿಕೊಂಡು ಬಾ ಎಂದಿದ್ದರು. ಆದರೆ ದವಾಖಾನೆಯ ವೈಜಿನಾಥ ಡಾಕ್ಟರು, ರೋಗಿಗಳು ಅಂಗಡಿಯಲ್ಲಿ ತಾವೇ ಕೊಳ್ಳಬಾರದೆಂದು ಶೀಶೆಗಳ ಮೇಲಿನ ಹೆಸರಿನ ಚೀಟಿ ಮೊದಲೇ ಕಿತ್ತುಹಾಕುತ್ತಿದ್ದರು.

"ಹೆಸರು ತಗೊಂಡು ಏನ್ ಮಾಡ್ತಿ ಆಪಾ? ನಿನಗ ಓದಾಕ ಬರಂಗಿಲ್ಲ," ಎಂದು ವೈಜಿನಾಥ ನಕ್ಕರು.

"ಓದೋರು ಹುಮನಾಬಾದನ್ಯಾಗ ಅದಾರ್ರಿ. ನೀವು ಬರ್ದು ಕೊಡ್ರಿ."

"ನಾಳೆ ಬಾ, ನೋಡೋಣ."

ಜೈನಬಿ ಗೋಡೆ ಹಿಡಿದು, ಹಲ್ಲು ಕಚ್ಚಿ, ಬಾಗಿಲಿಗೆ ಅಡ್ಡವಾಗಿ ನೆಲಕ್ಕೆ ಕೂತಳು.

"ನಾನಾಗಿ ಏಳಾಕ ಬರಂಗಿಲ್ರಿ ಡಾಕ್ಟರ್ ಸಾಬ. ಹೆಸರು ಬರೀರಿ, ಆಮ್ಯಾಲ ಎಬ್ಬಸ್ರಿ."

ಅದೇ ಸೂಜಿಗೆಂದು ಸರದಿಯಲ್ಲಿದ್ದ ಇಬ್ಬರು ಹೆಂಗಸರು ನಕ್ಕರು. ಒಬ್ಬಳು, "ನಮ್ದೂ ಬರೀರಿ," ಎಂದಳು.

ಹನ್ನೊಂದು ಗಂಟೆಗೆ ವೈಜಿನಾಥ ಹೆಸರು ಬರೆದು ಸಹಿ ಹಾಕಿದರು. ಆ ಇಬ್ಬರೂ ಜೈನಬಿಯನ್ನು ರಟ್ಟೆ ಹಿಡಿದು ಎಬ್ಬಿಸಿದರು. ಅವತ್ತು ಅವರೂ ಸೂಜಿ ಹಾಕಿಸಿಕೊಳ್ಳಲಿಲ್ಲ.