ಮೂರು ಬೆರಳಿಗೆ ಒಪ್ಪುವ ಚಾಕು

ಸಂಭಾಜಿನಗರದ ಹೊರಗಿನ ವಾಳೂಜ್‌ನ ಕಾರ್ಖಾನೆಯೊಂದರ ಪ್ರೆಸ್ ಮಷಿನ್ನು ಬಸವಕುಮಾರನ ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಕಿತ್ತುಕೊಂಡು ಒಂದು ವರ್ಷವಾಗಿತ್ತು. ಗಾಯ ಮಾಯ್ದ ಮೇಲೆ ಅವನನ್ನು ಅಲ್ಲಿಯ ಸಾಮಾನಿನ ಸ್ಟೋರಿನ ಕೆಲಸಕ್ಕೆ ಹಾಕಿದರು. ಮಧ್ಯಾಹ್ನ ಮೂರರಿಂದ ಪಾಳಿ. ಬೆಳಗೆಲ್ಲ ಮನೆಯಲ್ಲೇ.

ಹೆಂಡತಿ ವಿಜಯಶ್ರೀಗೆ ಹಾಗಲ್ಲ. ಸಂಸಾರಕ್ಕೆ ಆಸರೆಯಾಗಲೆಂದು ಅವಳು ಸಂಭಾಜಿನಗರದ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಕೆಲಸ ಹಿಡಿದಿದ್ದಳು. ಏಳೂವರೆಗೆ ಮನೆ ಬಿಡಬೇಕು. ನಾಲ್ಕೂವರೆಗೆ ಎದ್ದು ಮಗಳೂ ಸೇರಿ ಮೂವರಿಗೂ ಅಡುಗೆ ಮಾಡಿ, ಡಬ್ಬಿ ಕಟ್ಟಿ ಹೊರಡುವಳು. ಒಂದು ಬೆಳಿಗ್ಗೆ ಒಲೆಯ ಮುಂದೆ ನಿಂತಲ್ಲೇ ತೂಕಡಿಸುತ್ತಿದ್ದವಳನ್ನು ಬಸವಕುಮಾರ ನೋಡಿದ.

"ನಾಳಿಯಿಂದ ಪಲ್ಯ ನಾ ಮಾಡ್ತೀನಿ," ಅಂದ.

ಆದರೆ ಮರುದಿನ ಮನೆಯ ಚಾಕು ಕೇಳಬೇಕಲ್ಲ! ತೆಳ್ಳನೆಯ ಪ್ಲಾಸ್ಟಿಕ್ ಹಿಡಿಕೆ ಹೆಬ್ಬೆರಳಿಗೂ ಉಳಿದ ಎರಡು ಬೆರಳಿಗೂ ನಡುವೆ ಹೊರಳಿ ಹೊರಳಿ ಬಿತ್ತು. ಉಳ್ಳಾಗಡ್ಡಿಯ ಅರ್ಧ ಹೋಳು ಪುಟಿದು ಫ್ರಿಜ್ಜಿನ ಕೆಳಗೆ ಸೇರಿತು.

"ಬಿಡ್ರಿ, ನಾ ಹೆಚ್ಚತೀನಿ," ಎಂದು ವಿಜಯಶ್ರೀ ಚಾಕು ತೆಗೆದುಕೊಂಡಳು. ಮಾತಿನಲ್ಲಿ ಬೇಸರವಿರಲಿಲ್ಲ. ಅದೇ ಅವನಿಗೆ ಹೆಚ್ಚು ನಾಟಿತು.

ತನ್ನ ಕೈಗೆ ಒಪ್ಪುವ ಚಾಕು ತರಬೇಕೆಂದು ಅವನು ಅಂದೇ ತೀರ್ಮಾನಿಸಿದ. ಎಂಟನೆಯ ತರಗತಿಯ ಮಗಳು ಸಮೀಕ್ಷಾ ಮೊಬೈಲು ಹಿಡಿದು, ಶಾಲೆಯ ಮರಾಠಿ ಬೆರೆಸಿ, "ಪಪ್ಪಾ, ಆನ್‌ಲೈನ್ ಮಾಗವೂಯಾ ನಾ! ತರಸೋಣ! ಆರು ಚಾಕು, ಪೂರಾ ಸೆಟ್!" ಅಂದಳು.

"ಆರು ಯಾಕವ್ವಾ? ಒಂದು ಸಾಕು. ಅದನ್ನ ಕೈಯಾಗ ಹಿಡದು ನೋಡಬೇಕು."

ಮೊದಲು ಹೋದದ್ದು ಎಸಿ ಇರುವ ದೊಡ್ಡ ಅಂಗಡಿಗೆ. ಅಲ್ಲಿ ಚಾಕುಗಳೆಲ್ಲ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಕೂತಿದ್ದವು, ಹಿಡಿದು ನೋಡುವ ಹಾಗಿಲ್ಲ. ಸೇಲ್ಸ್‌ಮನ್ ಅವನ ಕೈ ನೋಡಿದವನೇ ಥಟ್ಟನೆ ದೃಷ್ಟಿ ತಿರುಗಿಸಿ, ದಾರ ಎಳೆದರೆ ತಾನೇ ಹೆಚ್ಚುವ ಡಬ್ಬಿಯೊಂದನ್ನು ಮುಂದಿಟ್ಟ. ಬಸವಕುಮಾರ ಕೈಯನ್ನು ಜೇಬಿಗೆ ಇಳಿಸಿ ಹೊರಗೆ ಬಂದ. ಮನೆಗೇ ಹೋಗಿಬಿಡಬೇಕೆನ್ನಿಸಿತು. ಆದರೂ ಹಳೆಯ ಪೇಟೆ ಗುಲ್‌ಮಂಡಿಯ ಕಡೆ ನಡೆದ.

ಅಲ್ಲೊಂದು ಇಕ್ಕಟ್ಟಾದ ಅಂಗಡಿಯಲ್ಲಿ ಮುದುಕನೊಬ್ಬ ಸಾಣೆ ಚಕ್ರದ ಮುಂದೆ ಕೂತು ಕತ್ತರಿ ಮಸೆಯುತ್ತಿದ್ದ. ಗೋಡೆಯ ತುಂಬ ಚಾಕು, ಅಡಕತ್ತರಿ, ಈಳಿಗೆ. ಬಸವಕುಮಾರ ಒಳಗೆ ಕಾಲಿಡುವಾಗಲೇ ವಿಜಯಶ್ರೀಯ ಫೋನ್ ಬಂತು. "ಇಲ್ಲೇ ಗುಲ್‌ಮಂಡಿಯಾಗ ಇದ್ದೀನಿ, ಆಮ್ಯಾಲ ಮಾತಾಡ್ತೀನಿ," ಎಂದು ಹೇಳಿ ಇಟ್ಟ.

ಮುದುಕ ಚಕ್ರ ನಿಲ್ಲಿಸಿದ. "ಬೀದರ ಕಡಿಯವರೇನ್ರಿ?"

"ಭಾಲ್ಕಿರಿ."

"ನಾ ಹುಮನಾಬಾದದಾಂವ. ಮಹಿಬೂಬ ಅಂತಾರ. ಕನ್ನಡ ಕಿವಿಗೆ ಬೀಳದ ಭಾಳ ದಿನ ಆಗಿತ್ತು ನೋಡ್ರಿ." ಮುಖವೆಲ್ಲ ಅರಳಿತು. "ಏನ ಕೊಡ್ಲಿ?"

"ಮನ್ಯಾಗ ಎಲ್ಲಾದಕ್ಕೂ ಆಗೋ ಅಂಥ ಒಂದು ಚಾಕು, ಚಾಚಾ. ಭಾಳ ತುಟ್ಟಿದು ಬ್ಯಾಡ."

"ಯಾರ ಕೈಗೆ?"

ಬಸವಕುಮಾರನ ಬಲಗೈ ಇನ್ನೂ ಜೇಬಿನಲ್ಲೇ ಇತ್ತು. "ನನಗೇರಿ."

"ಹಂಗಾರ ಕೈ ತೋರಸು, ತಮ್ಮಾ."

ಅಪರಿಚಿತನೊಬ್ಬನ ಮುಂದೆ ಆ ಕೈಯನ್ನು ತಾನಾಗಿ ಚಾಚಿದ್ದು ಅದೇ ಮೊದಲು. ಮಹಿಬೂಬ ಹೇಗಾಯಿತು, ಎಲ್ಲಾಯಿತು ಎಂದು ಕೇಳಲಿಲ್ಲ. ಅಂಗೈ ಒತ್ತಿದ, ಹೆಬ್ಬೆರಳು ಮಡಚಿಸಿದ, ಕೊನೆಯ ಎರಡು ಬೆರಳುಗಳಿಗೆ ತನ್ನ ಬೆರಳು ಕೊಟ್ಟು, "ಹಿಚುಕು," ಅಂದ. ಬಸವಕುಮಾರ ಹಿಚುಕಿದ. "ತಾಕತ್ತು ಅದ! ಹಿಡಿಕಿ ಸರಿ ಸಿಗಬೇಕು, ಅಷ್ಟೇ."

ಒಂದು ಆಲೂಗಡ್ಡೆ, ಮಣೆ, ಮೂರು ಚಾಕು ಮುಂದೆ ಬಂದವು. ಮೊದಲನೆಯದು ಉದ್ದ. ಅಲಗಿನ ಭಾರಕ್ಕೆ ಮೂತಿ ಕೆಳಗೆ ಬಾಗಿತು. ಎರಡನೆಯದು ಹಿಡಿಕೆಯವರೆಗೂ ಮಿರಿಮಿರಿ ಮಿಂಚುವ ಸ್ಟೀಲು, ಬೆಲೆಯೂ ಜಾಸ್ತಿ.

"ಇದು ನೋಡಾಕ ಚಂದ. ಕೈ ಒದ್ದಿ ಆತಂದ್ರ ಜಾರ್ತದ," ಎಂದು ಮಹಿಬೂಬ ತಾನೇ ಬದಿಗಿಟ್ಟ.

ಮೂರನೆಯದಕ್ಕೆ ಗೇಣಿಗಿಂತ ಸಣ್ಣ ಅಲಗು, ದಪ್ಪ ಕಟ್ಟಿಗೆಯ ಹಿಡಿಕೆ. ಅಲಗಿನ ಲೋಹ ಹಿಡಿಕೆಯ ತುದಿಯವರೆಗೂ ಹಾದುಹೋಗಿ, ಮೂರು ಕಡೆ ರಿವೆಟ್ ಬಡಿದಿತ್ತು. ಬಸವಕುಮಾರ ಹಿಡಿದ. ಆಲೂಗಡ್ಡೆ ಎರಡಾಯಿತು, ನಾಲ್ಕಾಯಿತು. ಐದನೆಯ ಏಟಿಗೆ ಹಿಡಿಕೆ ಸ್ವಲ್ಪ ಹೊರಳಿತು. ಅವನ ಮುಖ ಬಾಡಿತು.

"ತಡಿ, ತಡಿ." ಮಹಿಬೂಬ ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಕತ್ತರಿಸಿ, ಸೋಪಿನ ನೀರು ಸವರಿ, ಹಿಡಿಕೆಗೆ ಕಾಲುಚೀಲದಂತೆ ಏರಿಸಿದ. "ಹೆಬ್ಬಟ್ಟು ಹಿಡಿಕಿ ಪಕ್ಕಕ್ಕ ಒತ್ತು. ಚಾಕು ಕೆಳಗ ಒತ್ತಬ್ಯಾಡ, ಮುಂದಕ್ಕ ದೂಡು. ಎಡಗೈ ಬೆರಳ ತುದಿ ಒಳಗ ಮಡಚಿ ಇಡು, ಅವಾದ್ರೂ ಐದೂ ಇರಲಿ."

ಬಸವಕುಮಾರನಿಗೆ ನಗು ಬಂತು. ಒಂದು ವರ್ಷದಲ್ಲಿ ಆ ಕೈಯ ವಿಷಯಕ್ಕೆ ಯಾರೂ ಅವನನ್ನು ನಗಿಸಿರಲಿಲ್ಲ. ಆಲೂಗಡ್ಡೆ ಪೂರ್ತಿ ಹೋಳಾಗುವವರೆಗೂ ಚಾಕು ಹೊರಳಲಿಲ್ಲ.

ಬೆಲೆ ನೂರಾ ಅರವತ್ತು. ಟ್ಯೂಬಿಗೆ ಮಹಿಬೂಬ ಏನೂ ತೆಗೆದುಕೊಳ್ಳಲಿಲ್ಲ. "ನೀರಾಗ ನೆನಿ ಹಾಕಬ್ಯಾಡ, ಕಟ್ಟಿಗಿ ಕೆಡ್ತದ. ತೊಳದು ಒರಸಿ ಇಡು. ಮೊಂಡಾದ್ರ ತಗೊಂಡು ಬಾ," ಎಂದು ಕಾಗದದಲ್ಲಿ ಸುತ್ತಿಕೊಟ್ಟ.

ಮೂರು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಬಸವಕುಮಾರ ಹೆಚ್ಚುವುದನ್ನು ರೂಢಿ ಮಾಡಿಕೊಂಡ. ಮಗಳು ಶಾಲೆಯಿಂದ ಬಂದಾಗಲೆಲ್ಲ ಆಲೂಗಡ್ಡೆಯ ಭಾಜಿ ಕಂಡು ಮುಖ ಸೊಟ್ಟಗೆ ಮಾಡಿದಳು. ನಾಲ್ಕನೆಯ ದಿನ ಬೆಳಿಗ್ಗೆ ಹೆಂಡತಿಯ ಅಲಾರಂ ಬಂದ್ ಮಾಡಿ ತಾನೇ ಎದ್ದು ಬದನೆಕಾಯಿ ಹೆಚ್ಚಿದ.

ಒಗ್ಗರಣೆಯ ವಾಸನೆಗೆ ವಿಜಯಶ್ರೀ ಗಾಬರಿಯಿಂದ ಎದ್ದು ಬಂದಳು. "ಅಯ್ಯ, ಹೊತ್ತಾತಲ್ರಿ! ಎಬ್ಬಸಬಾರದೇನು?"

"ಪಲ್ಯ ಆಗೇದ. ರೊಟ್ಟಿ ಅಷ್ಟ ನೀ ಬಡಿ."

ಅವಳು ಬಾಣಲೆಯೊಳಗೆ ನೋಡಿದಳು. ಹೋಳುಗಳು ಒಂದು ದಪ್ಪ, ಒಂದು ಸಣ್ಣ. ಒಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಅವನು ಪರೀಕ್ಷೆಗೆ ಕೂತವನಂತೆ ನಿಂತಿದ್ದ.

"ಉಪ್ಪು ಕಡಿಮಿ ಅದ," ಎಂದಳು. ಹಿಟ್ಟಿನ ಡಬ್ಬಿ ತೆಗೆಯುತ್ತ, ಅವನ ಕಡೆ ತಿರುಗದೆ, "ನಾಳಿಗೆ ಏನ ಮಾಡ್ತೀರಿ?" ಎಂದು ಕೇಳಿದಳು.

ಬಸವಕುಮಾರ ನಾಳೆಯ ತನಕ ಯೋಚಿಸಿರಲಿಲ್ಲ. "ಬೆಂಡಿಕಾಯಿ," ಎಂದುಬಿಟ್ಟ.

ಈಗ ವಿಜಯಶ್ರೀ ಆರು ಗಂಟೆಯವರೆಗೆ ಮಲಗುತ್ತಾಳೆ. ಕುಂಬಳಕಾಯಿ ತಂದ ದಿನ ಮಾತ್ರ ಹಿಂದಿನ ಸಂಜೆಯೇ ಅದನ್ನು ಅವಳೇ ಒಡೆದಿಡುತ್ತಾಳೆ. ಅಷ್ಟು ಬಿರುಸಾದ ಸಿಪ್ಪೆ ಇನ್ನೂ ಅವನ ಕೈಗೆ ಬಗ್ಗಿಲ್ಲ.